ಗುರುವನ ಅನ್ನ

“ನಿನ್ನಪ್ಪ ಕೂದಲು ತಿಂದನೋ ಉಗುರು ತಿಂದನೋ, ಅದನ್ನೆಲ್ಲ ನನ್ನ ಮಗಳಿಗೆ ಹೇಳ್ಲಿಕ್ಕೆ ನೀನು ಯಾರು, ಬೇವರ್ಸಿ?”

ಲೋಲಾಕ್ಷಿಗೆ ಹೀಗೆ ಬೈದ ಗೋಪಾಲಕೃಷ್ಣ ರಾಯರು ಒಮಾನಿನ ಕ್ಲೀನಿಂಗ್ ಕಂಪನಿಯೊಂದರ ಮ್ಯಾನೇಜರು. ಸೀಬ್‌ ಊರಿನ ಇಂಡಿಯನ್ ಶಾಲೆಗೆ ಅವಳನ್ನು ಕಕ್ಕಸು ತೊಳೆಯಲು ಕಳಿಸಿದವರು ಅವರೇ. ಅವರ ಮಗಳು ಅಕ್ಷಿತಾ ಓದುತ್ತಿದ್ದುದೂ ಅಲ್ಲೇ. ಆ ಶಾಲೆಯಲ್ಲಿ ಮೆಲಿಸ್ಸಾ ಟೀಚರು ‘ನಮ್ಮ ಜನ’ ಎಂಬ ಪಾಠ ಶುರುಮಾಡಿದ್ದರು. ಒಂದು ದಿನ ಲೋಲಾಕ್ಷಿಯ ಕೈಯಿಂದ ಪೊರಕೆ ಇಳಿಸಿ ಕುರ್ಚಿ ಕೊಟ್ಟರು. ಕೊರಗರ ಲೋಲಾಕ್ಷಿ ಊರಲ್ಲಿ ಕಂಡದ್ದನ್ನು ಹೇಳಿದಳು: ದೊಡ್ಡ ಮನೆಯ ಬಸುರಿಯ ರೋಗ ಕೊರಗನಿಗೆ ದಾಟಲೆಂದು, ಅನ್ನಕ್ಕೆ ಅವಳ ಕೂದಲು, ಉಗುರು ಕಲಸಿ ತನ್ನ ಅಪ್ಪ ಗುರುವನಿಗೆ ಉಣ್ಣಿಸಿದ್ದು. ಮಕ್ಕಳು ಅತ್ತರು. ತಿಂಗಳೊಳಗೆ ರಾಯರು ಇನ್ನಷ್ಟು ಪೋಷಕರನ್ನು ಕೂಡಿಸಿಕೊಂಡು, ಪಾಠ ನಿಲ್ಲಿಸಬೇಕೆಂದು ಮಸ್ಕತ್‌ನ ಕೋರ್ಟಿಗೆ ಹೋದರು.

“ಟೀಚರು ಹೇಳಿಕೊಟ್ಟದ್ದು, ಎಲ್ಲ ಸುಳ್ಳು ಅಂತ ಸೈನು ಹಾಕು,” ಎಂದು ರಾಯರು ಈಗ ಕಾಗದ ಚಾಚಿದರು. “ ಇಲ್ಲದಿದ್ರೆ ನಿನ್ನನ್ನು ಕರೆಸಿಕೊಂಡ ಕಫೀಲನಿಗೆ ಒಂದು ಫೋನು. ನಿನ್ನ ವೀಸಾ ಖಲಾಸ್.”

“ಒಂದು ದಿನ ಕೊಡಿ, ಧನಿ.”

“ಇಲ್ಲಿ ಧನಿ ಗಿನಿ ಅನ್ಬೇಡ. ಸರ್ ಅನ್ನು.”

ಮಧ್ಯಾಹ್ನ ಲೋಲಾಕ್ಷಿ ಅನ್ನದ ಬುತ್ತಿ ಬಿಚ್ಚಿದಳು. ಸತ್ತು ಇಪ್ಪತ್ತು ವರ್ಷವಾದ ಗುರುವ ಶಾಲೆಯ ನೀರಿನ ಕೂಲರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಲ್ಲಿನ ಸಂದಿಯಿಂದ ಏನನ್ನೋ ಎಳೆಯುತ್ತಿದ್ದ. ಎಳೆದಷ್ಟೂ ಅದು ಉದ್ದವಾಗುತ್ತಿತ್ತು.

“ಉಗುಳು ಅಪ್ಪ,” ಎಂದಳು.

ಅವನು ಅಂದಿನಂತೆಯೇ ತಲೆ ತಗ್ಗಿಸಿ ನುಂಗಿದ.

ಲೋಲಾಕ್ಷಿ ಸೈನು ಹಾಕಲಿಲ್ಲ. ಕೋರ್ಟಿನ ದಿನ ಬೆಳಿಗ್ಗೆ ಶಾಲೆಯ ಗೇಟಿನಲ್ಲೇ ಕಂಪನಿಯವರು ಅವಳ ಕೆಲಸದ ಕಾರ್ಡು ಕಿತ್ತುಕೊಂಡರು. ಟೀಚರ ಕಾರು ಹತ್ತಿ, ಸಾಕ್ಷಿ ಹೇಳಲು ಮಸ್ಕತ್‌ಗೆ ಹೋದಳು.

ಕನ್ನಡ ಬಲ್ಲ ದುಭಾಷಿಯನ್ನು ರಾಯರ ಕಡೆಯವರೇ ಹುಡುಕಿ ತಂದಿದ್ದರು. ಲೋಲಾಕ್ಷಿ ಒಂದನ್ನೂ ಬಿಡದೆ ಹೇಳಿದಳು. ಅವನು ಅರಬ್ಬಿಯಲ್ಲಿ ಒಂದೇ ಸಾಲು ಹೇಳಿ ಮುಗಿಸಿದ: ಇವಳ ಅಪ್ಪ ಬಡವ, ಸಿಕ್ಕಿದ್ದನ್ನು ತಿನ್ನುತ್ತಿದ್ದ.

ಶಾಲೆಗೆ ಬರುವ ಮುಂಚೆ ಲೋಲಾಕ್ಷಿ ಸೂರ್‌ನ ಒಮಾನಿ ಮನೆಯೊಂದರಲ್ಲಿ ಹನ್ನೊಂದು ವರ್ಷ ಅಡುಗೆಗೆ ಇದ್ದವಳು. ರಾಯರಿಗೆ ಅದು ಗೊತ್ತಿರಲಿಲ್ಲ. ಅವರು ಯಾವತ್ತೂ ಕೇಳಿದವರಲ್ಲ.

“ಸುಳ್ಳು ಬೊಗಳ್ತಾನೆ ಸೂಳೆಮಗ!” ಎಂದು ಕೂಗಿ ಅವಳು ನ್ಯಾಯಾಧೀಶರ ಕಡೆ ತಿರುಗಿದಳು. ಯಾರ ಕೂದಲು, ಯಾರ ಉಗುರು, ಉಣ್ಣಿಸಿದವರು ಯಾರು, ನಿಂತು ನಕ್ಕವರು ಯಾರು, ಎಲ್ಲವನ್ನೂ ಅಡುಗೆಮನೆಯ ಮುರುಕು ಅರಬ್ಬಿಯಲ್ಲೇ ಹೇಳಿದಳು. ರಾಯರು ಎದ್ದು ನಿಂತರು. ಬರೆದುಕೊಳ್ಳುತ್ತಿದ್ದ ಕೋರ್ಟಿನ ಗುಮಾಸ್ತನ ಕೈ ಕಾಗದದ ಮೇಲೆ ನಿಂತಿತು.

“ಉಕ್ತುಬ್,” ಎಂದಳು ಲೋಲಾಕ್ಷಿ ಅವನಿಗೆ. ಬರಿ.