ಬೆಳ್ಳಿ ಬಟ್ಟಲಿನ ರುಚಿಗಾರ

ಇಳಕಲ್ಲಿನ ಕೆಂಪು ಕಲ್ಲು ಹಡಗು ಹತ್ತಿ ಇಟಲಿಗೆ ಹೋಗತೊಡಗಿದ ಮೇಲೆ ಊರಿಗೆ ದುಡ್ಡು ಬಂತು, ಲಾರಿ ಬಂತು, ಧೂಳು ಬಂತು. ರಾಚಪ್ಪನ ಮೂಗಿಗೆ ಮಾತ್ರ ಒಂದು ಹೊಸ ಉದ್ಯೋಗ ಬಂತು.

ರಾಚಪ್ಪ ಕಲ್ಲಿನ ಕಂಪನಿಯೊಂದರಲ್ಲಿ ಪರದೇಶದ ಪತ್ರವ್ಯವಹಾರ ನೋಡುವವನು. ಎಂಬತ್ಮೂರರ ಚಳಿಗಾಲದಲ್ಲಿ ಕಲ್ಲು ಆರಿಸಲು ಬಂದ ಇಟಲಿಯ ಸಾಹೇಬನನ್ನು ಬಾದಾಮಿಯ ಗುಹೆ ತೋರಿಸಲು ಕರೆದೊಯ್ದಿದ್ದ. ಮೆಟ್ಟಿಲು ಹತ್ತಿ ದಣಿದ ಸಾಹೇಬ ಪ್ರವಾಸಿ ಬಂಗಲೆಯಲ್ಲಿ ಕೂತು ಎರಡು ವೈನ್ ಬಾಟಲಿ ತೆರೆದ, ಒಂದು ಕೆಂಪು, ಒಂದು ಬಿಳಿ. ಮೊದಲು ಬೆಳಕಿಗೆ ಹಿಡಿ, ಆಮೇಲೆ ತಿರುಗಿಸು, ಮೂಸು, ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು ಬಾಯೆಲ್ಲ ಆಡಿಸು, ಕಡೆಗೆ ಉಗುಳು ಎಂದು ಕಲಿಸಿದ. ಮಜ್ಜಿಗೆಗಿಂತ ಹುಳಿಯಾದದ್ದನ್ನು ಜನ್ಮದಲ್ಲಿ ಕುಡಿಯದ ಲಿಂಗವಂತರ ಮನೆಯ ಮಗ ಅಂದು ಸಂಜೆ ಊರಿಗೆ ಮರಳಿದಾಗ ಮುಖದ ಮೇಲೆ ದೀಕ್ಷೆ ಪಡೆದವನ ಕಳೆಯಿತ್ತು. ಉಗುಳುವ ಪಾಠವೊಂದನ್ನು ಮಾತ್ರ ಅವನು ಬಿಟ್ಟುಬಿಟ್ಟಿದ್ದ. ಅಷ್ಟು ತುಟ್ಟಿಯ ಪದಾರ್ಥ ಉಗುಳಲು ಅವನ ಕೈಲಾಗಲಿಲ್ಲ.

ಅಂದಿನಿಂದ ರವಿವಾರ ಮಧ್ಯಾಹ್ನ ಪಡಸಾಲೆಯ ಬಾಗಿಲು ಮುಂದೆ ಮಾಡಿಕೊಂಡು ರುಚಿ ನೋಡುವುದು ನಡೆಯಿತು. ಕಲ್ಲು ಹೊತ್ತು ಗೋವಾಕ್ಕೆ ಹೋಗುವ ಲಾರಿಯವರು ಬರುವಾಗ ಬಾಟಲಿ ತರುತ್ತಿದ್ದರು. ಮನೆಯಲ್ಲಿ ಗಾಜಿನ ಬಟ್ಟಲಿರಲಿಲ್ಲವಾಗಿ ಹೆಂಡತಿಯ ತವರಿನವರು ಮದುವೆಯಲ್ಲಿ ಕೊಟ್ಟ ಬೆಳ್ಳಿ ಬಟ್ಟಲಿಗೇ ಆ ಕೆಲಸ ಬಿತ್ತು. ಕೇಳುವವನೆಂದರೆ ಒಬ್ಬನೇ, ಹುನಗುಂದದ ಪಶು ದವಾಖಾನೆಯ ಕಂಪೌಂಡರ್ ಅಮಸಿದ್ದಪ್ಪ, ರಾಚಪ್ಪನ ಜೊತೆ ಸಾಲೆ ಕಲಿತವನು.

"ಮೊದಲ ನೇರಳಿ ಹಣ್ಣು," ರಾಚಪ್ಪ ಕಣ್ಣು ಮುಚ್ಚಿ ಹೇಳುವನು. "ಅದರ ಹಿಂದ ತೊಗಲು. ಕಡೀಕ ನೋಡು, ನೆಲದಾಗಿನ ಹಗೇ ತೆಗದಾಗ ಬರೂ ಜ್ವಾಳದ ಘಮ."

"ತೊಗಲಂದ್ರ? ಚಪ್ಲಿನ?"

"ಹೊಸಾ ಚಪ್ಲಿ."

"ಲೇ ರಾಚ್ಯಾ, ರೊಕ್ಕ ಕೊಟ್ಟು ಚಪ್ಲಿ ಯಾಕ ಕುಡಿಬೇಕಲೇ? ನಮ್ಮ ದವಾಖಾನ್ಯಾಗ ಎಮ್ಮಿಗೆ ಹೊಟ್ಟಿ ಉಬ್ಬಿದ್ರ ಕೊಡೂ ಔಷಧ ಥೇಟ್ ಹಿಂಗ ನಾರತದ."

"ಅದಕ್ಕ ನೀ ಎಮ್ಮಿ ದವಾಖಾನ್ಯಾಗ ಅದಿ. ಈ ಬಿಳೀದ ಮೂಸು. ಅರ್ಧಾ ಮಾಗಿದ ಪೇರಲ ಹಣ್ಣು. ಬಾದಾಮಿ ಹೊಂಡದ ಮೆಟ್ಟಲ ಮ್ಯಾಲ ಮೊದಲ ಮಳಿ ಬಿದ್ದಂಗ ಇಲ್ಲ?"

"ಮೆಟ್ಟಲಂತೂ ಕಾಣಸಾಕ ಹತ್ತ್ಯಾವ," ಎನ್ನುವನು ಅಮಸಿದ್ದಪ್ಪ, ತನ್ನ ಪಾಲು ಗಟಗಟ ಕುಡಿದು.

ಅಡುಗೆಮನೆಯ ಬಾಗಿಲಲ್ಲಿ ನಿಂತ ಶಿವಲಿಂಗವ್ವನ ಒಂದು ಕಿವಿ ಈ ಮಾತಿನ ಮೇಲೆ, ಇನ್ನೊಂದು ಬೀದಿಯ ಮೇಲೆ. ಬಟ್ಟಲಲ್ಲಿ "ಅಡವಿಯ ಕಹಿ"ಯೊಂದು ಸುಳಿದು ಹೋಯಿತೆಂದು ಗಂಡ ಒಮ್ಮೆ ಹಿಗ್ಗಿದ್ದ. ಅವಸರದಲ್ಲಿ ಸೀಗೆಪುಡಿ ಹಚ್ಚಿ ಬಟ್ಟಲು ಉಜ್ಜಿದವಳು ಅವಳೇ. ಹೇಳಲಿಲ್ಲ. ಧಾರವಾಡದಲ್ಲಿ ಬಿ.ಎ. ಮಾಡಿದ್ದ ಅವಳು ಯಾವ ಮಾತು ಎಲ್ಲಿ ಖರ್ಚು ಮಾಡಬೇಕೆಂದು ತೂಗಿ ನೋಡುವವಳು.

ಅವಳ ಹೆದರಿಕೆಗೆ ಕಾರಣವಿತ್ತು. ಅವಳು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹಂಗಾಮಿ ಶಿಕ್ಷಕಿ. ಪ್ರತಿ ಬೇಸಿಗೆಗೂ ಕೆಲಸದಿಂದ ತೆಗೆದು, ಮಳೆಗಾಲಕ್ಕೆ ಮತ್ತೆ ಕರೆಯುತ್ತಿದ್ದರು. ಈ ವರ್ಷ ಕಾಯಂ ಜಾಗವೊಂದು ತೆರವಾಗಿತ್ತು. ಅದನ್ನು ಕೊಡುವವರು ಸಾಲೆ ನಡೆಸುವ ಮಂಡಳಿಯ ಅಧ್ಯಕ್ಷ ಸಂಗಯ್ಯನವರು. ಬೀಡಿ ಸೇದಿದನೆಂದು ಜವಾನನೊಬ್ಬನನ್ನು ಬಿಡಿಸಿದ ಮಡಿವಂತ ಜಂಗಮ, ಊರಿಗೆಲ್ಲ ಅಯ್ಯನವರು. ಈ ಮನೆಯ ವಾಸನೆ ಅವರ ಮೂಗಿಗೆ ಮುಟ್ಟಿದರೆ ನೌಕರಿ ಮುಗಿದಂತೆಯೇ. ಹಾಗಾಗಿ ರವಿವಾರ ಸಂಜೆ ಪಡಸಾಲೆಗೆ ಲೋಬಾನದ ಹೊಗೆ, ಅತ್ತೆ ಸಿದ್ದವ್ವನಿಗೆ "ಅದು ಟಾನಿಕ್ ಅತ್ತಿ" ಎಂಬ ಉತ್ತರ. ಖಾಲಿ ಬಾಟಲಿಗಳ ಚೀಟಿ ನೆನೆಸಿ ಕಿತ್ತು, ಕುಸುಬಿ ಎಣ್ಣೆ ತುಂಬಿಡುವುದು. ಒಂದೇ ಒಂದು ಬಾಟಲಿಯ ಚೀಟಿ ಮಾತ್ರ ರಾಚಪ್ಪ ಕೀಳಗೊಡಲಿಲ್ಲ. ಅದು ಸಾಹೇಬ ಕೊಟ್ಟದ್ದು. ಬಂಗಾರದ ಅಂಚು, ದ್ರಾಕ್ಷಿ ಗೊಂಚಲು, ಹಿಂದೆ ಒಂದು ಕೋಟೆ. ಅದನ್ನು ಅವಳು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಎಣ್ಣೆ ತುಂಬಿ, ದೇವರ ಮನೆಯ ಮೂಲೆಗೆ ಸೇರಿಸಿದ್ದಳು.

ಶ್ರಾವಣ ಬಂತು. ಸೋಮವಾರ ಮುಂಜಾನೆ ಸಂಗಯ್ಯನವರು ಪಾದಪೂಜೆಗೆ ಬರುತ್ತೇವೆಂದು ತಾವಾಗಿಯೇ ಹೇಳಿ ಕಳಿಸಿದರು. ಕಾಯಂ ಮಾಡುವ ಮುಂಚೆ ಮನೆ ನೋಡುವುದು ಅವರ ರೂಢಿ. ಶಿವಲಿಂಗವ್ವ ಆ ವಾರವೆಲ್ಲ ಗೋಡೆಗಳನ್ನೂ ಮೂಸಿದಳು. ರವಿವಾರ ಬಟ್ಟಲು ಮುಟ್ಟಬೇಡಿರೆಂದು ಕೈಮುಗಿದರೂ ರಾಚಪ್ಪ ಕೇಳಲಿಲ್ಲ. ತೆರೆದ ಬಾಟಲಿಗೆ ಗಾಳಿ ತಗುಲಿದೆ, ಇನ್ನೊಂದು ದಿನ ತಡೆಯುವುದಿಲ್ಲ ಎಂದ.

ಸೋಮವಾರ ಸಾಲುಹಿಡಿದು ಜನ ಕೂತರು. ಅಮಸಿದ್ದಪ್ಪನೂ ಬಂದು ಬಾಗಿಲ ಬಳಿ ಗಂಭೀರವಾಗಿ ಕೂತಿದ್ದ. ಪೂಜೆ ಮುಗಿದು ಪಾದೋದಕ ಕೊಡುವ ಹೊತ್ತಿಗೆ ಸಿದ್ದವ್ವ, "ಮನಿ ಯಜಮಾನಗ ಅಂಗೈಯಾಗ ಯಾಕ, ಇದರಾಗ ನೀಡ್ರಿ" ಎಂದು ಹೊಳೆಯುವ ಬೆಳ್ಳಿ ಬಟ್ಟಲನ್ನು ತಂದು ಮಗನ ಕೈಗೆ ಕೊಟ್ಟಳು.

ಹಿಂದಿನ ದಿನ ವೈನ್ ಹಾಕಿದ್ದ ಬಟ್ಟಲು ಕಂಡು ಶಿವಲಿಂಗವ್ವ ಅಡುಗೆಮನೆಯ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದಳು.

ಅಯ್ಯನವರು ಅದರಲ್ಲಿ ಪಾದೋದಕ ನೀಡಿದ್ದೇ ತಡ, ಬಟ್ಟಲು ಹಿಡಿದ ಕೈಗೆ ತಲೆಯ ಅಪ್ಪಣೆ ಬೇಕಾಗಲಿಲ್ಲ. ರಾಚಪ್ಪ ಬಟ್ಟಲನ್ನು ಬೆಳಕಿಂಡಿಯ ಕಡೆ ಎತ್ತಿ ಹಿಡಿದ. ಹುಬ್ಬು ಗಂಟಿಕ್ಕಿ ನೋಡಿದ. ಮೆಲ್ಲಗೆ ತಿರುಗಿಸಿದ. ಮೂಗು ಒಳಗಿಟ್ಟು ಉಸಿರು ಎಳೆದ. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಹಲ್ಲಿನ ಸಂದಿಯಿಂದ ಸುರ್ರೆಂದು ಗಾಳಿ ಎಳೆದು, ಎಡದವಡೆಗೊಮ್ಮೆ ಬಲದವಡೆಗೊಮ್ಮೆ ಆಡಿಸಿದ. ಪಡಸಾಲೆಯಲ್ಲಿ ಆ ಸಪ್ಪಳವೊಂದೇ. ಇನ್ನು ಉಗುಳಿದರೆ? ಶಿವಲಿಂಗವ್ವ ಸೆರಗು ಕಚ್ಚಿ ನಿಂತಳು. ರಾಚಪ್ಪ ನುಂಗಿದ. ಅವನ ಜಿಪುಣತನ ಮನೆಯ ಮಾನ ಉಳಿಸಿದ್ದು ಅದೇ ಮೊದಲು.

ಕಣ್ಣು ತೆರೆದು ತಾನು ಎಲ್ಲಿದ್ದೇನೆಂದು ನೋಡಿದಾಗ ಅವನ ಮುಖ ಸುಣ್ಣವಾಯಿತು.

"ಏನಪಾ ಇದು?" ಎಂದರು ಸಂಗಯ್ಯನವರು. ದನಿ ನಡುಗುತ್ತಿತ್ತು. ಸಿಟ್ಟಿನಿಂದಲ್ಲ. "ತಲಿ ಬೆಳ್ಳಗಾಗೂತನಕ ಪಾದೋದಕ ಕೊಟ್ಟೇನಿ. ಎಲ್ಲಾರೂ ಗುಟಕ್ಕನ ನುಂಗಿ ಕೈ ಒರಸ್ಕೋತಾರ. ನೀ ಒಬ್ಬಾಂವ ಕಣ್ಣಿಗೆ ತೋರಿಸಿ, ಮೂಗಿಗೆ ತೋರಿಸಿ, ರೂಪ, ಗಂಧ, ರುಚಿ ಮೂರೂ ಒಳಗಿನ ಲಿಂಗಕ್ಕ ಮುಟ್ಟಿಸಿ ತಗೊಂಡಿ! ಯಾರು ಕಲಿಸಿದ್ರು ನಿನಗ?"

"ಬಾದಾಮ್ಯಾಗ... ಒಬ್ಬರು... ದೂರದವರ್ರಿ ಅಜ್ಜಾರ."

"ಭಾಳ ದೊಡ್ಡವರಿರಬೇಕು."

"ಎತ್ತರಾನೂ ಇದ್ರಂತ್ರಿ," ಎಂದು ಬಾಗಿಲ ಬಳಿಯಿಂದ ಅಮಸಿದ್ದಪ್ಪ ಹೇಳಿ, ಕೆಮ್ಮು ಬಂದವನಂತೆ ಹೊರಗೆ ಎದ್ದುಹೋದ.

"ಇಂಥಾವರು ನಮ್ಮ ಮಂಡಳಿಗೆ ಬೇಕು. ನಾಳೆನ ನಿನ್ನ ಸದಸ್ಯ ಮಾಡ್ತೇನಿ," ಎಂದರು ಸಂಗಯ್ಯನವರು. ಸುಣ್ಣವಾಗಿದ್ದ ರಾಚಪ್ಪನ ಮುಖಕ್ಕೆ ಕೆಂಪು ವೈನಿನ ಬಣ್ಣ ಏರಿತು. ಅಯ್ಯನವರು ಶಿವಲಿಂಗವ್ವನ ಕಡೆ ತಿರುಗಿದರು. "ತಂಗಿ, ಮಂಡಳಿಯವರ ಮನ್ಯಾಗಿನವರು ನಮ್ಮ ಸಾಲ್ಯಾಗ ನೌಕರಿ ಮಾಡೂಹಂಗಿಲ್ಲ. ಅದು ನಿಯಮ. ಆ ಜಾಗಾ ಬ್ಯಾರೇದವರಿಗೆ ಆಗಲಿ. ಇಂಥಾ ಭಕ್ತನ ಸೇವಾ ಮಾಡ್ಕೊಂಡಿರು. ನಿನಗೇನ ಕಡಿಮಿ?"

ಅವಳು ಗಂಡನ ಕಡೆ ನೋಡಿದಳು. ಗಂಡ ಜಂತಿಯ ಕಡೆ ನೋಡುತ್ತಿದ್ದ. "ಹಿರೇರು ಹೇಳಿದ ಮ್ಯಾಲ..." ಎಂದು ಜಂತಿಗೇ ಹೇಳಿದ.

ಲೋಬಾನ ಹಾಕಿದವಳು, ಚೀಟಿ ಕಿತ್ತವಳು, ಅತ್ತೆಗೆ ಸುಳ್ಳು ಹೇಳಿದವಳು ಕಚ್ಚಿದ್ದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ದೇವರ ಮನೆಗೆ ಹೋಗಿ, ಸೀರೆಯ ತುಂಡು ಸುತ್ತಿದ ಬಾಟಲಿ ಹಿಡಿದು ಬಂದು ಪೂಜೆಗೆ ಹಚ್ಚಿದ್ದ ದೀಪದ ಮುಂದೆ, ಅಯ್ಯನವರಿಗೆ ಚೆನ್ನಾಗಿ ಕಾಣುವಂತೆ ಕೂತಳು.

"ದೀಪದಾಗ ಎಣ್ಣಿ ಮುಗಿಯಾಕ ಬಂದೈತ್ರಿ," ಎಂದು ಬಟ್ಟೆ ಬಿಚ್ಚತೊಡಗಿದಳು. ಅವಸರವಿಲ್ಲ. ಒಂದು ಸುತ್ತು ಬಿಚ್ಚಿದಾಗ ಹಸಿರು ಕೊರಳು ಕಂಡಿತು. ಇನ್ನೊಂದು ಸುತ್ತಿಗೆ ಬಂಗಾರದ ಅಂಚು. "ಇದರ ಬಗ್ಗೆ ಅಜ್ಜಾರಿಗೆ ನೀವ ಹೇಳ್ತೀರೇನ್ರಿ?" ಎಂದು ಗಂಡನನ್ನು ಕೇಳಿದಳು. ದ್ರಾಕ್ಷಿ ಗೊಂಚಲಿನ ಒಂದು ಹಣ್ಣು ಇಣುಕಿತು.

"ಅಜ್ಜಾರ!" ರಾಚಪ್ಪ ಅಡ್ಡಬಿದ್ದ. "ಮಂಡಳಿ ಬ್ಯಾಡ್ರಿ. ನನಗ ಆ ಯೋಗ್ಯತಾ ಇಲ್ರಿ!"

ಬಟ್ಟೆ ಬಿಚ್ಚುವ ಕೈ ನಿಂತಿತು.

"ಏನಂತಾನವಾ ಇಂವ?" ಅಯ್ಯನವರು ಬೆರಗಾಗಿ ಅವಳನ್ನೇ ಕೇಳಿದರು.

"ಖರೆ ಹೇಳ್ತಾರ್ರಿ ಅಜ್ಜಾರ. ಇಲ್ಲ ಅಂದ್ರ ಇಲ್ರಿ."

"ಆಹಾ, ಎಂಥಾ ವಿನಯ! ಬ್ಯಾಡಂದವರಿಗೆ ಒತ್ತಾಯಿಲ್ಲ. ನಿನ್ನ ನೌಕರಿ ನಿನಗ ಇರಲಿ. ಖರೆ ಈ ವಿನಯ ಇವನಿಂದ ಕಲಿ ತಂಗಿ."

"ಕಲಿಯಾಕ ಹತ್ತೇನ್ರಿ," ಎಂದು ಅವಳು ಬಾಟಲಿಗೆ ಮತ್ತೆ ಬಟ್ಟೆ ಸುತ್ತಿ, ಕೊರಳಿನಿಂದಲೇ ದೀಪಕ್ಕೆ ಎಣ್ಣೆ ಹಾಕಿದಳು.

ಕಾಯಂ ಆದೇಶ ಆ ವಾರವೇ ಬಂತು. ಶ್ರಾವಣದ ಕಡೆಯ ಸೋಮವಾರ ಪಕ್ಕದ ಮನೆಯಲ್ಲಿ ಪಾದಪೂಜೆಯಿತ್ತು. ಅಷ್ಟರಲ್ಲಿ ಸಂಗಯ್ಯನವರು ರಾಚಪ್ಪ ಪಾದೋದಕ ತಗೊಂಡ ರೀತಿಯನ್ನು ಮನೆಮನೆಗೂ ಹೇಳಿಬಿಟ್ಟಿದ್ದರು. ಸಾಲಿನಲ್ಲಿ ಕೂತವರೆಲ್ಲ ತಾವು ತಂದ ಬಟ್ಟಲು ಬೆಳಕಿಗೆ ಹಿಡಿದು ತಿರುಗಿಸಿ, ಮೂಸಿ, ಸುರ್ರೆಂದು ಎಳೆದರು. ಒಬ್ಬರಿಗೆ ನೆತ್ತಿಗೇರಿತು. "ಸ್ವಲ್ಪ ಕಲ್ಲಿನ ವಾಸನಿ ಬರತದ ಅಲ್ಲ?" ಎಂದಳು ಸಿದ್ದವ್ವ. ರಾಚಪ್ಪನಿಗೆ ತಡೆಯಲಾಗಲಿಲ್ಲ. "ಹಂಗಲ್ಲ, ಬುಡಾ ಹಿಡದ ತಿರಗಸ್ರಿ," ಎಂದ.

ಶಿವಲಿಂಗವ್ವ ಅಂಗೈ ಒಡ್ಡಿ, ಬಿದ್ದ ನೀರನ್ನು ಗುಟಕ್ಕನೆ ನುಂಗಿ, ಒದ್ದೆ ಕೈಯನ್ನು ತಲೆಗೆ ಒರೆಸಿಕೊಂಡು ಎದ್ದಳು. ಸಾಲೆಯ ಗಂಟೆಗೆ ಹೊತ್ತಾಗಿತ್ತು.