ಅಪ್ಪ ಕುಟ್ಟಿದ ಮರಳುಗಲ್ಲು

ನಮ್ಮ ಪ್ರಯೋಗಾಲಯದಲ್ಲಿ ಕಲ್ಲು ಬಿಡಿಸಿ ಜರಡಿ ಹಿಡಿಯುವ ಕೆಲಸ ಅಪ್ಪನದು. ಅಲ್ಲೇ ನಾನು ಸಂಶೋಧನಾ ವಿದ್ಯಾರ್ಥಿನಿ. ಮರಳುಗಲ್ಲನ್ನು ಕಾಳುಕಾಳಾಗಿ ಬಿಡಿಸಿ ಜರಡಿಯಾಡಿಸಿದರೆ ಅದು ಬಂದು ಬಿದ್ದ ಜಾಗದ ಜಾತಕವೇ ಸಿಗುತ್ತದೆ. ಕಾಳು ದಪ್ಪವಾದರೆ ರಭಸದ ಹೊಳೆ, ನುಣ್ಣಗಾದರೆ ನಿಂತ ನೀರು. ನನ್ನ ನಲವತ್ತು ಮಾದರಿಗಳೂ ನುಣ್ಣಗೆ ಬಂದವು. ಕೋಟಿ ವರ್ಷಗಳ ಹಿಂದೆ ಕಲ್ಲು ಸಿಕ್ಕ ಜಾಗದಲ್ಲೊಂದು ಸರೋವರವಿತ್ತು ಎಂದು ಪ್ರಬಂಧದಲ್ಲಿ ಬರೆದೇಬಿಟ್ಟೆ. ಅಪ್ಪನಿಗಂತೂ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆ ಸರೋವರದ ಅಗಲ ಎಷ್ಟೆಂದು ಕ್ಷೌರದ ಅಂಗಡಿಯವನಿಗೂ ಗೊತ್ತಾಯಿತು.

ಪ್ರಬಂಧ ಒಪ್ಪಿಸಲು ಮೂರು ವಾರವಿದ್ದಾಗ ಸುಮ್ಮನೆ ಒಂದು ಚಿಟಿಕೆ ಮರಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕಾಳುಗಳ ಅಂಚು ಆಗಷ್ಟೇ ಒಡೆದ ಗಾಜಿನಂತೆ ಹರಿತವಾಗಿತ್ತು. ಇದು ನೀರು ತಂದ ನುಣುಪಲ್ಲ, ಯಾರೋ ಕುಟ್ಟಿ ಪುಡಿ ಮಾಡಿದ್ದು.

"ಅಪ್ಪ, ನನ್ನ ಕಲ್ಲು ಯಾವುದ್ರಲ್ಲಿ ಬಿಡಿಸ್ತಿದ್ದೆ?"

ಅಪ್ಪ ಹೆಮ್ಮೆಯಿಂದ ಕಬ್ಬಿಣದ ಕುಟ್ಟಾಣಿ ತೋರಿಸಿದ. "ಬೇರೆಯವರದಕ್ಕೆಲ್ಲ ರಬ್ಬರಿಂದು. ನಿಂಗೆ ಮಾತ್ರ ಇದು. ಒಂದು ಗಂಟೂ ಉಳಿದಿಲ್ಲ ನೋಡು."

ಬಾಯಿಗೆ ಬಂದಂತೆ ಬೈಯಲು ಹೊರಟವಳಿಗೆ ಮೊದಲ ಮಾದರಿಯ ದಿನ ನೆನಪಾಯಿತು. ಎಲ್ಲರೆದುರು ಸಿಡುಕಿದವಳು ನಾನೇ: "ಗಂಟು ಹಾಗೇ ಇದೆ. ಸರಿಯಾಗಿ ಕುಟ್ಟೋಕೂ ಬರಲ್ವಾ ನಿಂಗೆ?" ನನಗೆ ಕೋಪ ಮೂಗಿನ ತುದಿಯಲ್ಲೇ, ಅಮ್ಮನ ಬಳುವಳಿ.

ಉಳಿದ ಕಲ್ಲಿನ ಚೂರುಗಳಿಂದ ನಲವತ್ತನ್ನೂ ಹೊಸದಾಗಿ ಮಾಡಿದೆವು. ಅಪ್ಪ ರಬ್ಬರಿನ ಕುಟ್ಟಾಣಿಯನ್ನು ಮಲಗಿದ ಮಗುವಿನ ಬೆನ್ನು ಸವರುವಷ್ಟು ಮೆತ್ತಗೆ ಒತ್ತುತ್ತಿದ್ದ. ಈ ಸಲ ಮೇಲಿನ ಜರಡಿಯಲ್ಲೇ ದಪ್ಪ ಕಾಳು ನಿಂತಿತು.

"ಹಾಗಾದ್ರೆ ನಮ್ಮ ಸರೋವರ?"

"ಇಲ್ಲ ಅಪ್ಪ. ಹೊಳೆ. ಭಾರಿ ರಭಸದ ಹೊಳೆ."

ಅಪ್ಪ ಅಂದಿನಿಂದ ಕ್ಷೌರಕ್ಕೂ ಹೋಗಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಗಡ್ಡ ಬಿಟ್ಟುಕೊಂಡೇ ಹಿಂದಿನ ಬೆಂಚಿನಲ್ಲಿ ಕೂತಿದ್ದ. "ಮೊದಲ ಸಲದ ಫಲಿತಾಂಶ ಕೈಬಿಟ್ಟಿದ್ದೀರಿ. ಯಾಕೆ?" ಎಂದರು ಪರೀಕ್ಷಕರು. 'ವಿಧಾನದ ದೋಷ' ಎಂಬ ಗಂಭೀರ ಮಾತೊಂದನ್ನು ಸಿದ್ಧ ಮಾಡಿಕೊಂಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದು ನಿಂತ.

"ಕುಟ್ಟಿದ್ದು ನಾನು ಸಾರ್. ಅವಳ ತಪ್ಪೇನಿಲ್ಲ. ಡಿಗ್ರಿ ಕೊಟ್ಬಿಡಿ."

ಕೋಣೆಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅಪ್ಪನ ಮೇಲೆ ಪ್ರೀತಿ ಉಕ್ಕಿತು.

"ಕುಟ್ಟೋಕೂ ಬರಲ್ವಾ ಅಂತ ಎಲ್ಲರೆದುರೇ ಅಪ್ಪನ್ನ ಬೈದಿದ್ದೆ ಸರ್," ಎಂದೆ. "ಅದಕ್ಕೇ ಎಲ್ಲರೆದುರೇ ಹೇಳ್ತಿದ್ದೀನಿ. ತಪ್ಪು ನಂದು."

ಪರೀಕ್ಷಕರು ಸಹಿ ಹಾಕಿದರು. ಅಪ್ಪ ಅಲ್ಲಿಂದ ನೆಟ್ಟಗೆ ಕ್ಷೌರದ ಅಂಗಡಿಗೆ ಹೋದ. ಹೊಳೆ ಎಷ್ಟು ಅಗಲವಿತ್ತೆಂದು ಅಂಗಡಿಯವನಿಗೂ ಗೊತ್ತಾಗಬೇಕಲ್ಲ.