ಬಾಕಿಯಿಲ್ಲದ ರಾಣಿಯ ಕಿಟಕಿ

ಅದೊಂದು ಊರಿನಲ್ಲಿ ಯಾರಿಗೂ ಬಿಡಿಗಾಸೂ ಬಾಕಿಯಿಲ್ಲದ ಒಬ್ಬ ರಾಣಿಯಿದ್ದಳಂತೆ. ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಒಂದೇ ಕೋಣೆ ಅವಳ ಅರಮನೆ, ಕಿಟಕಿಯಿರಲಿಲ್ಲ. ಕಂಡವರ ಅಂಗಿಗಳಿಗೆ ಇಸ್ತ್ರಿ ಹಾಕುವುದೇ ರಾಜ್ಯಭಾರ. ಕೆಂಡದ ಹೊಗೆ ಕುಡಿದು ಕುಡಿದು ಉಬ್ಬಸ ಹತ್ತಿಸಿಕೊಂಡಿದ್ದ ಆ ರಾಣಿಗೆ ಒಬ್ಬಳೇ ಮಗಳು.

"ನಿನಗೊಂದು ಕಿಟಕಿ ಕೊಡಿಸ್ತೀನಮ್ಮ," ಎಂದು ಮಗಳು ಚಿಕ್ಕಂದಿನಲ್ಲೇ ಮಾತು ಕೊಟ್ಟಿದ್ದಳು.

"ಬರೀ ಕಿಟಕಿ ತಗೊಂಡು ಕೊರಳಿಗೆ ಹಾಕ್ಕೊಳ್ಲಾ? ಸುತ್ತ ಒಂದು ಮನೇನೂ ಇರ್ಲಿ ಕಣೇ," ಎಂದು ಅಮ್ಮ ನಕ್ಕಿದ್ದಳು.

ಮಗಳು ಬೆಳೆದು ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಬೆಳಗಿನ ಬಿಸಿಲು ಬೀಳುವ ಪುಟ್ಟ ಮನೆಯೊಂದನ್ನು ನೋಡಿಟ್ಟು, ಕೂಡಿಟ್ಟಿದ್ದು ಸಾಲದೆ, ಅಮ್ಮನಿಗೆ ಹೇಳದೆ ಬ್ಯಾಂಕಿಗೆ ಹೋದಳು. ಅಲ್ಲಿನ ಅಧಿಕಾರಿ ಕಂಪ್ಯೂಟರ್ ನೋಡಿ ತುಟಿ ಕಚ್ಚಿದರು.

"ನಿಮಗೆ ಕ್ರೆಡಿಟ್ ಸ್ಕೋರೇ ಇಲ್ವಲ್ಲಮ್ಮ."

"ನಾವು ಯಾವತ್ತೂ ಸಾಲ ಮಾಡಿದವರಲ್ಲ ಸಾರ್."

"ಅದೇ ತೊಂದರೆ. ತಗೊಂಡಿದ್ದನ್ನ ತೀರಿಸ್ತೀರಿ ಅಂತ ನಮಗೆ ಹೇಗೆ ಗೊತ್ತಾಗ್ಬೇಕು? ಕಂತಿನ ಮೇಲೆ ಏನಾದ್ರೂ ಕೊಳ್ಳಿ. ಒಂದು ವರ್ಷ ತಪ್ಪದೆ ಕಟ್ಟಿ ಬನ್ನಿ."

ಹೀಗೆ ಮೆಟ್ಟಿಲ ಕೆಳಗೆ ಒಂದು ಫ್ರಿಜ್ ಬಂತು. ಅಮ್ಮನಿಗೆ ಕಾಲು ಚಾಚಲೂ ಜಾಗ ಉಳಿಯಲಿಲ್ಲ.

"ಕಿಟಕಿ ಅಂದು ಇದನ್ನ ತಂದ್ಯಾ? ಇರ್ಲಿ ಬಿಡು, ಬಾಗಿಲು ತೆಗೆದ್ರೆ ಬೆಳಕಂತೂ ಬರುತ್ತೆ!"

ನಕ್ಕಳು, ನಿಜ. ಆದರೆ ಮನೆಯಲ್ಲಿ ಸಾಲವಿದೆ ಎಂಬುದು ಅವಳ ನಿದ್ದೆ ಕದ್ದಿತು. ಕೆಲವೇ ಕಂತು ಕಟ್ಟಿದ್ದ ಮಗಳು ಒಂದು ಸಂಜೆ ಮನೆಗೆ ಬಂದಾಗ ಅಮ್ಮನ ಮುಖ ಬೆಳಗುತ್ತಿತ್ತು, ಕೈ ಬೋಳಾಗಿತ್ತು.

"ಬಳೆ ಕೊಟ್ಟು ಎಲ್ಲಾ ಒಂದೇ ಸಲ ತೀರಿಸಿ ಬಂದೆ. ಇನ್ನು ನೀನು ಯಾರಿಗೂ ತಲೆ ತಗ್ಗಿಸ್ಬೇಕಿಲ್ಲ."

ತೀರಿಸಬಾರದಿತ್ತು ಎಂದು ಯಾವ ಬಾಯಲ್ಲಿ ಹೇಳುವುದು? "ಒಳ್ಳೇದೇ ಆಯ್ತಮ್ಮ," ಎಂದು ಮಗಳು ಆ ಬರಿಗೈಗಳನ್ನು ಹಿಡಿದು ಕುಳಿತಳು.

"ಇಷ್ಟು ಬೇಗ ಮುಗಿಸಿಬಿಟ್ರಾ? ಮತ್ತೆ ಮೊದಲಿಂದ ಶುರು ಮಾಡ್ಬೇಕು," ಎಂದರು ಬ್ಯಾಂಕಿನವರು.

ಮಗಳು ಕಂತಿನ ಮೇಲೆ ಒಂದು ಫೋನು ಕೊಂಡು ಅಂಗಡಿಯಲ್ಲೇ ಬಚ್ಚಿಟ್ಟಳು. ತಿಂಗಳು ತಿಂಗಳೂ ಕಟ್ಟಿದಳು. ಅತ್ತ ಕಂತು ಕರಗುತ್ತಿತ್ತು, ಇತ್ತ ಅಮ್ಮನ ಉಸಿರು. ಕಂತಿಗಿಂತ ಮೊದಲು ಉಸಿರೇ ಮುಗಿಯಿತು.

"ಒಳ್ಳೆ ಸ್ಕೋರ್ ಬಂದಿದೆ. ಇನ್ನೇನೂ ಅಡ್ಡಿಯಿಲ್ಲ," ಎಂದು ಅಧಿಕಾರಿ ಕೈ ಕುಲುಕಿದಾಗ ಅವಳಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ನೋಡಿಟ್ಟಿದ್ದ ಮನೆ ಬೇರೆಯವರ ಪಾಲಾಗಿತ್ತು. ಅದೇ ಬೀದಿಯಲ್ಲಿ ಇನ್ನೊಂದು ಸಿಕ್ಕಿತು.

ಬೀಗದ ಕೈ ಸಿಕ್ಕ ಬೆಳಿಗ್ಗೆ ಅವಳು ಖಾಲಿ ಮನೆಯೊಳಗೆ ಒಬ್ಬಳೇ ಹೋದಳು. ಅಮ್ಮನ ಇಸ್ತ್ರಿಪೆಟ್ಟಿಗೆಯ ಬೂದಿ ಒರೆಸಿ ಪೆಟ್ಟಿಗೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಚಿಲಕ ಬಿಗಿಯಾಗಿತ್ತು; ಎರಡೂ ಕೈ ಹಾಕಿ ಎಳೆದು, ಕಿಟಕಿ ತೆರೆದಳು.